ಮೂರು ಸ್ಯಾಲರಿ ಸ್ಲಿಪ್ ಇಲ್ಲದವರ ಮನೆ ಹುಡುಕಾಟ

ಬೆಂಗಳೂರಿನಿಂದ ತುಲೂಸ್‌ಗೆ ಕೆಲಸಕ್ಕೆ ಬರುವ ಹುಡುಗರು ವೀಸಾ ಕೈಗೆ ಬಂದ ದಿನ ನನಗೊಂದು ಮೆಸೇಜ್ ಹಾಕುತ್ತಾರೆ. "ಸರ್, ಯಾರಾದ್ರೂ ಒಳ್ಳೆ ಬ್ರೋಕರ್ ಇದಾರಾ?" ಪ್ರಶ್ನೆ ಸಹಜ. ನಮಗೆ ಬಾಡಿಗೆ ಮನೆ ಅಂದರೆ ಹೆಚ್ಚೆಂದರೆ ಎರಡು ಭಾನುವಾರದ ಕೆಲಸ. ಬ್ರೋಕರ್ ಬೈಕಿನ ಹಿಂದೆ ಕೂತು ನಾಲ್ಕು ಮನೆ ನೋಡಿ, ಐದನೆಯದು ಹಿಡಿಸಿ, ಅಲ್ಲೇ ಫೋನ್‌ಪೇನಲ್ಲಿ ಟೋಕನ್ ಕಳಿಸಿ, ಸಂಜೆ ಅಮ್ಮನಿಗೆ ಫೋನ್ ಮಾಡಿ "ಮನೆ ಸಿಕ್ತು" ಅನ್ನುವುದು.

ಇಲ್ಲಿ ಕ್ರಮ ತಿರುಗುಮುರುಗು. ನೀವು ಮನೆ ನೋಡುವುದಕ್ಕಿಂತ ಮುಂಚೆ ಮನೆಯವರು ನಿಮ್ಮ ಕಾಗದ ನೋಡುತ್ತಾರೆ. ಕಾಗದ ಅವರಿಗೆ ಹಿಡಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಈ ವಾರ ಆ ಕಾಗದದ ಕಥೆಯನ್ನೇ ಬರೆಯುತ್ತೇನೆ. ಫ್ರಾನ್ಸಿಗೆ ಬರುವವರಿಗೆ ಉಪಯೋಗಕ್ಕೆ ಬರಬಹುದು. ಬರದೇ ಇರುವವರೂ ಬಾಡಿಗೆದಾರರೇ ತಾನೆ, ಓದಿ.

ಇಟ್ಟಿಗೆಯ ಊರು

ತುಲೂಸ್ ಫ್ರಾನ್ಸಿನ ದಕ್ಷಿಣದಲ್ಲಿ ಗರೋನ್ ನದಿಯ ದಂಡೆಯಲ್ಲಿದೆ. ಸುತ್ತಮುತ್ತ ಕಟ್ಟಡದ ಕಲ್ಲು ಕಡಿಮೆ, ಜೇಡಿಮಣ್ಣು ಧಾರಾಳ. ಹಾಗಾಗಿ ಹಳೇ ಊರೆಲ್ಲ ಇಟ್ಟಿಗೆಯದ್ದು. ಸಂಜೆ ಬಿಸಿಲಿಗೆ ಗೋಡೆಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಅದಕ್ಕೇ ಇದಕ್ಕೆ 'ಗುಲಾಬಿ ನಗರ' ಅನ್ನುವ ಹೆಸರು. ಏರ್‌ಬಸ್ ವಿಮಾನ ಜೋಡಿಸುವ ಊರು ಇದು. ಅದೇ ಏರ್‌ಬಸ್‌ಗೆ ಬೆಂಗಳೂರಿನಲ್ಲೂ ಇಂಜಿನಿಯರಿಂಗ್ ಕೇಂದ್ರ ಇರುವುದರಿಂದ ಎರಡೂ ಊರಿನ ನಡುವೆ ನಮ್ಮಂಥವರ ಓಡಾಟ ಇದ್ದೇ ಇದೆ.

ಜೊತೆಗೆ ಇದು ವಿದ್ಯಾರ್ಥಿಗಳ ಊರು. ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಆಗಸ್ಟ್‌ನಲ್ಲಿ ಊರಿಗೆ ಊರೇ ರಜೆ ಹಾಕಿ ಸಮುದ್ರದ ಕಡೆ ಹೋಗುತ್ತದೆ. ಸೆಪ್ಟೆಂಬರ್ ಬಂದರೆ ಎಲ್ಲರೂ ಒಟ್ಟಿಗೆ ವಾಪಸ್, ಎಲ್ಲರಿಗೂ ಒಂದೇ ವಾರದಲ್ಲಿ ಮನೆ ಬೇಕು. ನನ್ನ ಆಫರ್ ಲೆಟರ್‌ನಲ್ಲಿದ್ದ ಸೇರುವ ದಿನಾಂಕ ಸೆಪ್ಟೆಂಬರ್ ಮೊದಲ ವಾರ.

ಮೊದಲು ಭಾಷೆ ಕಲಿಯಬೇಕು. ಫ್ರೆಂಚ್ ಆಮೇಲೆ, ಜಾಹೀರಾತಿನ ಭಾಷೆ ಮೊದಲು. ನಾವು 2 ಬಿಎಚ್‌ಕೆ ಅನ್ನುವಾಗ ಬೆಡ್‌ರೂಮ್ ಮಾತ್ರ ಎಣಿಸುತ್ತೇವೆ. ಇಲ್ಲಿ 'ಟಿ2' ಅಂದರೆ ಹಾಲ್ ಸೇರಿಸಿ ಎರಡು ಕೋಣೆ, ಅಂದರೆ ನಮ್ಮ ಲೆಕ್ಕಕ್ಕೆ 1 ಬಿಎಚ್‌ಕೆ. ಅಡುಗೆಮನೆ, ಬಾತ್‌ರೂಮು ಲೆಕ್ಕಕ್ಕಿಲ್ಲ. 'ಸಿಸಿ' ಅಂತ ಇದ್ದರೆ ಮೇಂಟೆನೆನ್ಸ್ ಸೇರಿದ ಬಾಡಿಗೆ, 'ಎಚ್‌ಸಿ' ಅಂತ ಇದ್ದರೆ ಸೇರಿಲ್ಲ. ಇನ್ನೊಂದು, ಎ ಯಿಂದ ಜಿ ವರೆಗಿನ ಬಣ್ಣದ ಪಟ್ಟಿ. ಮನೆಗೆ ಎಷ್ಟು ಕರೆಂಟು, ಗ್ಯಾಸು ಬೇಕಾಗುತ್ತದೆ ಅನ್ನುವ ದರ್ಜೆ ಅದು. 2025ರ ಜನವರಿಯಿಂದ 'ಜಿ' ದರ್ಜೆಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. 'ಎಫ್' ಮನೆ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯಬೇಡಿ. ಉಳಿಸಿದ ಬಾಡಿಗೆಯೆಲ್ಲ ಚಳಿಗಾಲದ ಹೀಟರ್‌ಗೆ ಹೋಗುತ್ತದೆ.

ಚಕ್ರವ್ಯೂಹ

ಕಂಪನಿ ನನಗೆ ಒಂದು ತಿಂಗಳು ಅಪಾರ್ಟ್‌ಮೆಂಟ್ ಹೋಟೆಲ್ ಕೊಟ್ಟಿತ್ತು. ಹೆಂಡತಿಗೆ ನವೆಂಬರ್ ಮೊದಲ ವಾರದ ಟಿಕೆಟ್ ಆಗಿತ್ತು. ಅವಳು ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು, ಅಲ್ಲಿನ ಮನೆ ಖಾಲಿ ಮಾಡುತ್ತೇವೆ ಅಂತ ಓನರ್‌ಗೆ ಹೇಳಿಯೂ ಆಗಿತ್ತು. ಅಂದರೆ ನನ್ನ ಕೈಯಲ್ಲಿ ಎಂಟೋ ಒಂಬತ್ತೋ ವಾರ.

ಸಂಬಳ ಬರಬೇಕಾದರೆ ಇಲ್ಲಿಯ ಬ್ಯಾಂಕ್ ಖಾತೆ ಬೇಕು. ಖಾತೆ ತೆರೆಯಲು ವಿಳಾಸದ ಪುರಾವೆ ಬೇಕು. ವಿಳಾಸಕ್ಕೆ ಮನೆ ಬೇಕು. ಮನೆಗೆ ಸ್ಯಾಲರಿ ಸ್ಲಿಪ್ ಬೇಕು. ವೀಸಾವನ್ನು ಬಂದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಊರ್ಜಿತ ಮಾಡಿಕೊಳ್ಳಬೇಕು, ಅದರಲ್ಲೂ ವಿಳಾಸದ ಕಾಲಂ. ಕೋಡ್ ಬರೆಯುವವರಿಗೆ ಇದು ಗೊತ್ತಿರುವ ಕಾಯಿಲೆ. ಎ ಗೆ ಬಿ ಬೇಕು, ಬಿ ಗೆ ಎ ಬೇಕು, ಎರಡೂ ಕಾಯುತ್ತಾ ಕೂತಿರುತ್ತವೆ. ಆಫೀಸಿನಲ್ಲಾದರೆ ಒಂದನ್ನು ಕೊಂದು ಮುಂದೆ ಹೋಗುತ್ತೇವೆ. ಇಲ್ಲಿ ಯಾವುದನ್ನು ಕೊಲ್ಲೋದು?

ಬಿಡಿಸಿದ್ದು ಮಂಗಳೂರಿನ ಒಬ್ಬ ಅಕ್ಕ. ನಮ್ಮ ಆಫೀಸಿನ ಇನ್ನೊಂದು ವಿಭಾಗದವರು, ಇಲ್ಲಿಗೆ ಬಂದು ಹತ್ತು ವರ್ಷವಾಗಿತ್ತು. ಕ್ಯಾಂಟೀನ್‌ನಲ್ಲಿ ನನ್ನ ಮುಖ ನೋಡಿ ಅವರೇ ಕೇಳಿದರು, "ಹೋಟೆಲ್ ಮುಗಿದ ಮೇಲೆ ಎಲ್ಲಿಗೆ ಹೋಗ್ತೀರಿ ಮಾರಾಯ್ರೆ?"

"ಗೊತ್ತಿಲ್ಲ ಅಕ್ಕ."

"ನಮ್ಮಲ್ಲಿ ಒಂದು ರೂಮು ಖಾಲಿ ಉಂಟು. ಬಂದು ಇರಿ. ನಾನು ಬರೆದು ಕೊಡ್ತೇನೆ."

'ಬರೆದು ಕೊಡ್ತೇನೆ' ಅನ್ನುವುದರ ಬೆಲೆ ನನಗೆ ಆಮೇಲೆ ತಿಳಿಯಿತು. 'ಇಂಥವರು ನಮ್ಮ ಮನೆಯಲ್ಲಿ ವಾಸವಾಗಿದ್ದಾರೆ' ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ, ಜೊತೆಗೆ ತಮ್ಮ ಗುರುತಿನ ಚೀಟಿ ಮತ್ತು ಕರೆಂಟ್ ಬಿಲ್ಲಿನ ಪ್ರತಿ ಇಟ್ಟುಕೊಟ್ಟರೆ ಅದು ಇಲ್ಲಿ ವಿಳಾಸದ ಪುರಾವೆ. ಬ್ಯಾಂಕೂ ಒಪ್ಪುತ್ತದೆ, ಸರ್ಕಾರಿ ಕಚೇರಿಯೂ ಒಪ್ಪುತ್ತದೆ. ಸುಳ್ಳು ಬರೆದರೆ ಅಪರಾಧ. ಹಾಗಾಗಿ ನಿಜವಾಗಿ ಮನೆಯೊಳಗೆ ಇಟ್ಟುಕೊಳ್ಳುವವರು ಮಾತ್ರ ಬರೆಯುತ್ತಾರೆ. ಆ ಒಂದು ಹಾಳೆಯಿಂದ ಖಾತೆ ಬಂತು, ಖಾತೆಯಿಂದ ಸಂಬಳ ಬಂತು, ಸಂಬಳದಿಂದ ನನ್ನ ಮೊದಲ ಸ್ಲಿಪ್ ಬಂತು.

ದೊಸಿಯೆ ಎಂಬ ಜಾತಕ

ಸ್ಲಿಪ್ ಒಂದು ಸಾಲದು, ಮೂರು ಬೇಕು. ಬಾಡಿಗೆ ಅರ್ಜಿಯ ಕಡತಕ್ಕೆ ಇಲ್ಲಿ 'ದೊಸಿಯೆ' ಅನ್ನುತ್ತಾರೆ. ಗುರುತಿನ ಚೀಟಿ, ಕೆಲಸದ ಕರಾರು, ಕೊನೆಯ ಮೂರು ಸ್ಯಾಲರಿ ಸ್ಲಿಪ್, ತೆರಿಗೆ ಇಲಾಖೆಯ ನೋಟಿಸು, ಹಿಂದಿನ ಮನೆಯ ಮೂರು ಬಾಡಿಗೆ ರಸೀದಿ. ನಮ್ಮ ಕಡೆ ಹೆಣ್ಣು ಕೇಳೋಕೆ ಹೋಗುವಾಗಲೂ ಇಷ್ಟು ಕೇಳಲ್ಲ ಅಂದರು ನಮ್ಮಮ್ಮ.

ಇದರ ಮೇಲೆ ಎರಡು ಬೇಲಿ. ಒಂದು, ಸಂಬಳ ಬಾಡಿಗೆಯ ಮೂರು ಪಟ್ಟು ಇರಬೇಕು. ಇದು ಕಾನೂನಲ್ಲ, ರೂಢಿ. ಆದರೆ ಎಷ್ಟೋ ಓನರ್‌ಗಳು 'ಬಾಡಿಗೆ ಬಾರದಿದ್ದರೆ' ಅಂತ ವಿಮೆ ಮಾಡಿಸಿರುತ್ತಾರೆ. ವಿಮಾ ಕಂಪನಿಯ ಪಟ್ಟಿಗೆ ನಿಮ್ಮ ಕಡತ ಹೊಂದದಿದ್ದರೆ ಏಜೆನ್ಸಿಯವರು ನಗುನಗುತ್ತಲೇ ಕೈಬಿಡುತ್ತಾರೆ. ಎರಡನೆಯದು, ಪ್ರೊಬೇಷನ್. ಇಂಜಿನಿಯರ್ ದರ್ಜೆಯ ಕೆಲಸಕ್ಕೆ ಇಲ್ಲಿ ಸಾಮಾನ್ಯವಾಗಿ ನಾಲ್ಕು ತಿಂಗಳು, ಇನ್ನೊಮ್ಮೆ ಮುಂದುವರಿಸಲೂಬಹುದು. ನಿಮ್ಮದು ಕಾಯಂ ಕೆಲಸ ಅಂತ ಕರಾರಿನಲ್ಲಿ ಇದ್ದರೂ ಪ್ರೊಬೇಷನ್ ಮುಗಿಯುವವರೆಗೆ ಓನರ್‌ಗೆ ಅದು ಕಾಯಂ ಅಲ್ಲ.

ಒಂದು ಏಜೆನ್ಸಿಯ ಮನೆ ನೋಡಲು ಹೋದಾಗ ಮೆಟ್ಟಿಲ ಮೇಲೆ ಹನ್ನೊಂದು ಜನ ಕಾಯುತ್ತಿದ್ದರು. ಎಲ್ಲರ ಕೈಯಲ್ಲೂ ಫೈಲು. ಒಬ್ಬಳು ಹುಡುಗಿ ಅಪ್ಪ ಅಮ್ಮನನ್ನೇ ಕರೆತಂದಿದ್ದಳು. ಅವರು ಅವಳ 'ಗಾರಾಂ', ಅಂದರೆ ಜಾಮೀನುದಾರರು. ಮಗಳು ಬಾಡಿಗೆ ಕಟ್ಟದಿದ್ದರೆ ನಾವು ಕಟ್ಟುತ್ತೇವೆ ಅಂತ ಸಹಿ ಮಾಡುವವರು. ನನ್ನ ಸರದಿ ಬಂದಾಗ ಏಜೆಂಟ್ ಕೇಳಿದ್ದೂ ಅದೇ: "ಫ್ರಾನ್ಸಿನಲ್ಲಿ ನಿಮ್ಮ ಜಾಮೀನುದಾರರು ಯಾರು?" ದಾವಣಗೆರೆಯಲ್ಲಿ ನಿವೃತ್ತರಾಗಿ ಕೂತಿರುವ ನನ್ನ ಅಪ್ಪನ ಪೆನ್ಷನ್ ಪುಸ್ತಕ ಅಲ್ಲಿ ನಡೆಯುವುದಿಲ್ಲ. ಆ ಮನೆ ಸಿಗಲಿಲ್ಲ. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಹದಿನಾಲ್ಕು ಕಡೆ ಕಡತ ಕಳಿಸಿದ್ದೆ. ಒಂಬತ್ತು ಕಡೆಯಿಂದ ಉತ್ತರವೇ ಇಲ್ಲ.

"ಟಿಕೆಟ್ ಮುಂದಕ್ಕೆ ಹಾಕಲಾ?" ಅಂತ ಹೆಂಡತಿ ಕೇಳಿದಾಗ "ಒಂದು ವಾರ ನೋಡೋಣ ತಡಿ" ಅಂದೆ. ಅವಳು ಪ್ಯಾಕಿಂಗ್ ನಿಲ್ಲಿಸಿದಳು, ಟಿಕೆಟ್ ಮಾತ್ರ ಬದಲಾಯಿಸಲಿಲ್ಲ.

ಇಷ್ಟೊಂದು ಭಯ ಯಾಕೆ?

ಇದನ್ನೆಲ್ಲ ಬರೀ ಬ್ಯೂರೋಕ್ರಸಿ ಅಂತ ಬೈದು ಮುಗಿಸಬಹುದು. ಆದರೆ ಬಾಗಿಲು ಇಷ್ಟು ಕಿರಿದಾಗಿರುವುದಕ್ಕೆ ಕಾರಣ ಒಳಗಿದೆ. ಒಮ್ಮೆ ಒಳಗೆ ಹೋದ ಬಾಡಿಗೆದಾರನನ್ನು ಹೊರಗೆ ಹಾಕುವುದು ಇಲ್ಲಿ ಬಹಳ ಕಷ್ಟ. 1989ರ ಜುಲೈ 6ರ ಕಾನೂನು ಬಾಡಿಗೆದಾರನ ಕಡೆ ಗಟ್ಟಿಯಾಗಿ ನಿಂತಿದೆ. ಖಾಲಿ ಮನೆಯ ಕರಾರು ಕನಿಷ್ಠ ಮೂರು ವರ್ಷ, ಸಾಮಾನು ಸಮೇತದ ಮನೆಗೆ ಒಂದು ವರ್ಷ. ಬಾಡಿಗೆ ಬಾರದಿದ್ದರೂ ಓನರ್ ತಾನೇ ಬೀಗ ಬದಲಾಯಿಸುವಂತಿಲ್ಲ, ಕೋರ್ಟಿಗೆ ಹೋಗಬೇಕು. ಕೋರ್ಟು ಒಪ್ಪಿದರೂ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಸಾಮಾನ್ಯವಾಗಿ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ. ಇದಕ್ಕೆ 'ಚಳಿಗಾಲದ ಕದನವಿರಾಮ' ಅನ್ನುತ್ತಾರೆ.

ಅದರ ಹಿಂದೆ ಒಂದು ಸಾವು ಇದೆ. 1954ರ ಚಳಿಗಾಲ ಭೀಕರವಾಗಿತ್ತು. ಪ್ಯಾರಿಸ್ಸಿನ ಬೀದಿಯಲ್ಲಿ ಒಬ್ಬ ಹೆಂಗಸು ರಾತ್ರಿ ಹೆಪ್ಪುಗಟ್ಟಿ ಸತ್ತಳು. ಎರಡು ದಿನ ಮುಂಚೆ ಅವಳನ್ನು ಮನೆಯಿಂದ ಹೊರಹಾಕಿದ್ದ ಕಾಗದ ಅವಳ ಕೈಯಲ್ಲೇ ಇತ್ತು. ಆಬೇ ಪಿಯೆರ್ ಎಂಬ ಪಾದ್ರಿ ಫೆಬ್ರವರಿ 1ರಂದು ರೇಡಿಯೋದಲ್ಲಿ ಈ ಸಾವನ್ನು ಹೇಳಿ ಜನರ ಸಹಾಯ ಕೇಳಿದರು. ಇಡೀ ದೇಶ ಕಂಬಳಿ, ಹಣ ಹೊತ್ತು ಬಂತು. 1956ರಲ್ಲಿ ಚಳಿಗಾಲದ ಕದನವಿರಾಮ ಕಾನೂನಾಯಿತು.

ಹಾಗಾಗಿ ಈ ದೇಶದಲ್ಲಿ ಕೀಲಿ ಕೈಗೆ ಕೊಡುವ ಕ್ಷಣವೇ ಓನರ್‌ಗೆ ಉಳಿದಿರುವ ದೊಡ್ಡ ಅಧಿಕಾರ. ತನ್ನ ಭಯವನ್ನೆಲ್ಲ ಅವನು ಆ ಒಂದು ಕ್ಷಣಕ್ಕೆ ತುಂಬುತ್ತಾನೆ. ಒಳಗಿರುವವನಿಗೆ ಸಿಗುವ ಭದ್ರತೆಯ ಖರ್ಚನ್ನು ಬಾಗಿಲಲ್ಲಿ ನಿಂತ ಹೊಸಬ ಕಟ್ಟುತ್ತಾನೆ. ನಾಳೆ ನಾನೂ ಒಳಗಿನವನೇ ಆಗುತ್ತೇನಲ್ಲ ಅನ್ನುವುದು ಸಮಾಧಾನ.

ಒಂದು ಬೊಂಜೂರ್, ಒಂದು ಜಾಮೀನು

ದಾರಿ ತೋರಿಸಿದ್ದು ಮತ್ತೆ ಅಕ್ಕನೇ. "ನಿಮಗೆ 31 ತುಂಬಿತಾ?" ಅಂತ ಕೇಳಿದರು. ತುಂಬಲು ಇನ್ನೂ ಐದು ತಿಂಗಳಿತ್ತು. "ಹಾಗಾದ್ರೆ ವಿಸಾಲ್‌ಗೆ ಹಾಕಿ."

'ವಿಸಾಲ್' ಅಂದರೆ ಊರಲ್ಲಿ ಅಪ್ಪ ಅಮ್ಮ ಇಲ್ಲದವರಿಗೆ ಸಿಗುವ ಪುಕ್ಕಟೆ ಜಾಮೀನು. ಕಂಪನಿಗಳು ಸಂಬಳದ ಮೊತ್ತದ ಮೇಲೆ ಕಟ್ಟುವ ಹಣದಿಂದ ನಡೆಯುವ 'ಆಕ್ಸಿಯೋಂ ಲೋಜ್‌ಮಾಂ' ಸಂಸ್ಥೆಯದ್ದು, 2016ರಲ್ಲಿ ಶುರುವಾಯಿತು. ನೀವು ಬಾಡಿಗೆ ತಪ್ಪಿಸಿದರೆ ಓನರ್‌ಗೆ ಅವರು ಕಟ್ಟಿ, ಆಮೇಲೆ ನಿಮ್ಮಿಂದ ವಸೂಲಿ ಮಾಡಿಕೊಳ್ಳುತ್ತಾರೆ. 18ರಿಂದ 30 ವಯಸ್ಸಿನವರು ಅರ್ಜಿ ಹಾಕಬಹುದು. 30 ದಾಟಿದವರಿಗೂ ಕೆಲವು ಸಂದರ್ಭದಲ್ಲಿ ಸಿಗುತ್ತದೆ, ಷರತ್ತು ಓದಿಕೊಳ್ಳಿ. ಕರಾರಿಗೆ ಸಹಿ ಹಾಕುವ ಮುಂಚೆಯೇ ಇದನ್ನು ಪಡೆದಿರಬೇಕು, ಸಹಿ ಆದಮೇಲೆ ಪ್ರಯೋಜನವಿಲ್ಲ. ಓನರ್ ಒಪ್ಪಲೇಬೇಕು ಅಂತ ಕಡ್ಡಾಯವೇನೂ ಇಲ್ಲ. ಆದರೆ ಏಜೆನ್ಸಿ ಇಲ್ಲದೆ ನೇರವಾಗಿ ಕೊಡುವವರು ಎಷ್ಟೋ ಸಲ ಒಪ್ಪುತ್ತಾರೆ.

ಕಡತವನ್ನೂ ಹೊಸದಾಗಿ ಜೋಡಿಸಿದೆ. ಸರ್ಕಾರದ್ದೇ 'ದೊಸಿಯೆ ಫಾಸಿಲ್' ಅನ್ನುವ ಉಚಿತ ಸೇವೆ ಇದೆ. ಅಲ್ಲಿ ಹಾಕಿದ ದಾಖಲೆಗಳನ್ನು ಅವರು ಪರಿಶೀಲಿಸಿ, ಪ್ರತಿ ಪುಟದ ಮೇಲೂ 'ಬಾಡಿಗೆಗೆ ಮಾತ್ರ' ಅನ್ನುವ ಅರ್ಥದ ವಾಟರ್‌ಮಾರ್ಕ್ ಹಾಕಿ ಲಿಂಕ್ ಕೊಡುತ್ತಾರೆ. ಮೂರು ಸ್ಲಿಪ್ ಇಲ್ಲದ ಜಾಗದಲ್ಲಿ ಒಂದು ಸ್ಲಿಪ್, ಕಂಪನಿಯ ಪತ್ರ, ಕರಾರು. ಮೇಲೆ ಆರು ಸಾಲಿನ ಪರಿಚಯ: ಯಾರು, ಏನು ಕೆಲಸ, ಯಾಕೆ ಈ ಏರಿಯಾ, ಹೆಂಡತಿ ಯಾವಾಗ ಬರುತ್ತಾಳೆ.

ಮಿನೀಮ್ ಏರಿಯಾದಲ್ಲಿ ಒಂದು ಜಾಹೀರಾತು ಬಂತು. ಟಿ2, 42 ಚದರ ಮೀಟರ್, ಸಾಮಾನು ಸಮೇತ, ಬಾಡಿಗೆ 650 ಯೂರೋ, ಮೇಂಟೆನೆನ್ಸ್ 70. ಮೆಟ್ರೋ ಬಿ ಲೈನ್ ಹತ್ತಿರ, ಜಾಂ ಜೊರೇಸ್‌ನಲ್ಲಿ ಎ ಲೈನ್‌ಗೆ ಬದಲಾಯಿಸಿದರೆ ಬಾಸೋ ಕಾಂಬೋದ ನಮ್ಮ ಆಫೀಸು. ಮೆಸೇಜ್ ಬಿಟ್ಟು ಫೋನೇ ಮಾಡಿದೆ. ಮೊದಲ ಮಾತು 'ಬೊಂಜೂರ್ ಮದಾಮ್'. ಇಲ್ಲಿ ಬೊಂಜೂರ್ ಹೇಳದೆ ವಿಷಯಕ್ಕೆ ಬರುವುದು ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಹೋದ ಹಾಗೆ.

ಓನರ್ ನಿವೃತ್ತ ಟೀಚರ್. ಮನೆ ತೋರಿಸುವಾಗ ಹೀಟರ್, ಕಿಟಕಿ, ಬಾಯ್ಲರ್ ಎಲ್ಲ ವಿವರಿಸಿ, ಅಡುಗೆಮನೆಯಲ್ಲಿ ನಿಂತು ತಮ್ಮ ಕಥೆ ಹೇಳಿದರು. ಹಿಂದಿನ ಬಾಡಿಗೆದಾರ ಹದಿನಾಲ್ಕು ತಿಂಗಳು ಹಣ ಕಟ್ಟಿರಲಿಲ್ಲ. "ಈ ಮನೆಯ ಸಾಲದ ಕಂತನ್ನು ನಾನು ಆ ಬಾಡಿಗೆಯಿಂದಲೇ ಕಟ್ಟುತ್ತಿದ್ದೆ. ಪೆನ್ಷನ್‌ನಿಂದ ಕಟ್ಟಬೇಕಾಯಿತು. ನಿಮ್ಮನ್ನು ಅನುಮಾನಿಸುತ್ತಿಲ್ಲ, ನನಗೆ ಭಯ ಅಷ್ಟೇ." ನಾನು ವಿಸಾಲ್ ಪತ್ರ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಎರಡು ದಿನ ಬಿಟ್ಟು ಫೋನ್ ಬಂತು. ಟಿಕೆಟ್ ಬದಲಾಯಿಸುವ ಅಗತ್ಯ ಬೀಳಲಿಲ್ಲ.

ಕೇಳಿದ್ದು, ಕೇಳದೇ ಇದ್ದದ್ದು

ಬೆಂಗಳೂರಿನಲ್ಲಿ ನಾನು ಐದು ಮನೆ ಬದಲಾಯಿಸಿದ್ದೇನೆ. ಒಬ್ಬ ಓನರ್ ಕೂಡ ಸ್ಯಾಲರಿ ಸ್ಲಿಪ್ ಕೇಳಿಲ್ಲ. "ಯಾವ ಕಡೆಯವ್ರು?", "ನಾನ್‌ವೆಜ್ ಮಾಡ್ತೀರಾ?", "ಮದುವೆ ಆಗಿದ್ಯಾ?" ಇವನ್ನು ಐವರೂ ಕೇಳಿದ್ದಾರೆ. ಉತ್ತರ ಸರಿ ಇದ್ದರೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅವತ್ತೇ ಒಳಗೆ. ನನ್ನ ಉತ್ತರಗಳು ಹೇಗೋ ನಡೆದುಹೋಗುತ್ತಿದ್ದವು. ನನ್ನ ಜೊತೆ ಓದಿದ ಕಲಬುರಗಿಯ ಗೆಳೆಯನಿಗೆ ಹಾಗಿರಲಿಲ್ಲ. ಫೋನಿನಲ್ಲಿ ಎಲ್ಲ ಸರಿ, ಹೆಸರು ಹೇಳಿದ ಕೂಡಲೇ "ಅಯ್ಯೋ, ಈಗ ತಾನೇ ಬೇರೆಯವ್ರು ಟೋಕನ್ ಕೊಟ್ರು" ಅನ್ನುತ್ತಿದ್ದರು. ಒಂದೇ ವಾರದಲ್ಲಿ ಆರು ಮನೆಗೆ ಹಾಗೆ 'ಈಗ ತಾನೇ' ಟೋಕನ್ ಆಗಿತ್ತು. ಅವನಿಗೆ ಯಾವ ದಾಖಲೆ ತಂದುಕೊಟ್ಟರೂ ಉಪಯೋಗವಿರಲಿಲ್ಲ, ಯಾಕೆಂದರೆ ಅವರು ದಾಖಲೆ ಕೇಳಿರಲೇ ಇಲ್ಲ.

ಹಾಗಂತ ಫ್ರಾನ್ಸನ್ನು ಸ್ವರ್ಗ ಅನ್ನುವುದಿಲ್ಲ. ಮೂಲ, ಧರ್ಮ, ಹೆಸರು ನೋಡಿ ಮನೆ ನಿರಾಕರಿಸುವುದು ಇಲ್ಲಿ ಕಾನೂನುಬಾಹಿರ. ಆದರೂ ಒಂದೇ ಥರದ ಕಡತ ಇದ್ದಾಗ ಅರಬ್ಬೀ ಹೆಸರಿನವರಿಗೆ ಬರುವ ಉತ್ತರ ಕಡಿಮೆ ಅಂತ ಇಲ್ಲಿಯವರೇ ನಡೆಸಿದ ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಆದರೆ ಓನರ್ ಏನು ಕೇಳಬಹುದು ಅನ್ನುವುದಕ್ಕೆ ಇಲ್ಲಿ ಒಂದು ಪಟ್ಟಿ ಇದೆ. 2015ರ ನವೆಂಬರ್‌ನ ಆದೇಶ ಅದು. ಆ ಪಟ್ಟಿಯಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಇಲ್ಲ, ಹಾಗಾಗಿ ಕೇಳುವಂತಿಲ್ಲ. ನಾವು ತಿನ್ನುವುದು ಏನು ಅನ್ನುವುದಂತೂ ಇಲ್ಲವೇ ಇಲ್ಲ. ಕಾಗದ ಇಲ್ಲದಿದ್ದರೆ ಸಂಪಾದಿಸಬಹುದು. 'ಯಾವ ಕಡೆಯವ್ರು' ಅನ್ನುವ ಪ್ರಶ್ನೆಗೆ ಬೇರೆ ಉತ್ತರ ಸಂಪಾದಿಸಲು ಆಗುವುದಿಲ್ಲ. ಹದಿನಾಲ್ಕು ಕಡತ ಕಳಿಸಿ ಸುಸ್ತಾದ ಮೇಲೂ ನನಗೆ ಈ ವ್ಯತ್ಯಾಸ ದೊಡ್ಡದು ಅನ್ನಿಸಿದೆ.

ಬರುವವರಿಗೆ ನಾಲ್ಕು ಮಾತು

ದುಡ್ಡಿನ ಲೆಕ್ಕ: ಖಾಲಿ ಮನೆಗೆ ಡಿಪಾಸಿಟ್ ಹೆಚ್ಚೆಂದರೆ ಒಂದು ತಿಂಗಳ ಬಾಡಿಗೆ, ಸಾಮಾನು ಸಮೇತದ ಮನೆಗೆ ಎರಡು, ಮೇಂಟೆನೆನ್ಸ್ ಬಿಟ್ಟು. ನಾನು ಹುಡುಕುವಾಗ ತುಲೂಸ್‌ನಲ್ಲಿ ಏಜೆನ್ಸಿ ಫೀಸಿನ ಮಿತಿ ಚದರ ಮೀಟರಿಗೆ 13 ಯೂರೋ ಇತ್ತು, 40 ಚದರ ಮೀಟರ್ ಮನೆಗೆ 520. ಓನರ್ ನೇರವಾಗಿ ಕೊಟ್ಟರೆ ಅದೂ ಇಲ್ಲ. ಸಹಿಗೆ ಮುಂಚೆ ಯಾರಾದರೂ 'ವಿದೇಶದಲ್ಲಿದ್ದೇನೆ, ದುಡ್ಡು ಕಳಿಸಿ, ಕೀಲಿ ಪೋಸ್ಟ್ ಮಾಡ್ತೀನಿ' ಅಂದರೆ ವಂಚನೆ. ಒಂದು ಯೂರೋ ಕೂಡ ಕಳಿಸಬೇಡಿ.

ವಿಮೆ: ಬಾಡಿಗೆದಾರನಿಗೂ ಮನೆ ವಿಮೆ ಕಡ್ಡಾಯ. ಕೀಲಿ ತಗೊಳ್ಳುವ ದಿನ ಅದರ ಪತ್ರ ಕೈಯಲ್ಲಿರಲಿ.

ಮನೆ ಸ್ಥಿತಿಯ ಪಟ್ಟಿ: ಒಳಗೆ ಹೋಗುವ ದಿನ ಗೋಡೆಯ ಒಂದೊಂದು ಗೀರನ್ನೂ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ನಾಚಿಕೆ ಬಿಟ್ಟು ಎಲ್ಲ ಬರೆಸಿ, ಫೋಟೋ ತೆಗೆಯಿರಿ. ಬಿಟ್ಟುಹೋಗಿದ್ದನ್ನು ಸೇರಿಸಲು ಹತ್ತು ದಿನ ಅವಕಾಶವಿದೆ. ಹೊರಡುವಾಗ ಎರಡೂ ಪಟ್ಟಿ ಹೊಂದಿದರೆ ಡಿಪಾಸಿಟ್ ಒಂದು ತಿಂಗಳಲ್ಲಿ ವಾಪಸ್ ಬರಬೇಕು. 'ಪೇಂಟಿಂಗ್ ಚಾರ್ಜ್' ಅಂತ ಒಂದು ತಿಂಗಳ ಬಾಡಿಗೆ ಕಳೆದುಕೊಂಡು ಅಭ್ಯಾಸವಾದ ನಮಗೆ ಇದು ಹಬ್ಬ.

ಸಾಮಾನು: ಸಾಮಾನು ಸಮೇತದ ಮನೆಯಲ್ಲಿ ಏನೇನಿರಬೇಕು ಅಂತಲೂ ಸರ್ಕಾರದ ಪಟ್ಟಿ ಇದೆ. ಹಾಸಿಗೆ, ರಜಾಯಿ, ಬೆಡ್‌ರೂಮಿಗೆ ಪರದೆ, ಒಲೆ, ಫ್ರಿಜ್, ತಟ್ಟೆ ಲೋಟ ಎಲ್ಲ ಇದೆ. ವಾಷಿಂಗ್ ಮಷೀನ್ ಇಲ್ಲ, ಕೇಳಿಕೊಳ್ಳಿ. ಕುಕ್ಕರ್ ಇಲ್ಲ, ತಗೊಂಡು ಬನ್ನಿ. ನಮ್ಮದು ಹೆಂಡತಿಯ ಸೂಟ್‌ಕೇಸ್‌ನಲ್ಲಿ ಬಂತು.

ಹೆಸರು: ಪೋಸ್ಟ್ ಬಾಕ್ಸಿನ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ನಮ್ಮ ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಇರುವುದೇ ಹೆಸರು. ನನ್ನದರಲ್ಲಿ ಅಪ್ಪನ ಹೆಸರಿದೆ. ಅದು ಶುರುವಾಗುವುದು 'ಹ'ದಿಂದ, ಅದು ಮಾತ್ರ ಫ್ರೆಂಚರ ಬಾಯಲ್ಲಿ ಹೊರಡುವುದಿಲ್ಲ. ಅಪ್ಪ ದಾವಣಗೆರೆ ಬಿಟ್ಟು ಹೆಚ್ಚು ದೂರ ಹೋದವರಲ್ಲ. ಈಗ ಪೋಸ್ಟ್‌ಮ್ಯಾನ್ ದಿನಾ ಅವರ ಹೆಸರು ಓದುತ್ತಾನೆ.

ಪ್ರತಿ ತಿಂಗಳು ಮದಾಮ್ ಬಾಡಿಗೆ ರಸೀದಿ ಕಳಿಸುತ್ತಾರೆ. ಸ್ಯಾಲರಿ ಸ್ಲಿಪ್ ಮೂರು ದಾಟಿತು, ಕರೆಂಟ್ ಬಿಲ್ ನನ್ನ ಹೆಸರಿಗೆ ಬರುತ್ತಿದೆ. ಹೋದ ತಿಂಗಳು ಹುಬ್ಬಳ್ಳಿಯ ಹುಡುಗನೊಬ್ಬ ನಮ್ಮ ಟೀಮಿಗೆ ಸೇರಿದ. ಅವನಿಗೂ ಅದೇ ಚಕ್ರವ್ಯೂಹ. ಮದಾಮ್‌ಗೆ ಒಂದು ಮಾತು ಹೇಳಿ, ಹಾಲ್‌ನ ಸೋಫಾ ಬಿಚ್ಚಿ ಹಾಸಿಗೆ ಮಾಡಿದೆವು. "ಎಷ್ಟ್ ದಿನ ರೀ ಸರ್, ನಿಮಗ ತ್ರಾಸ ಆಗ್ತದ" ಅಂದ. ಒಂದು ಬಿಳಿ ಹಾಳೆ ತಗೊಂಡು, ಇಂಥವರು ನಮ್ಮ ಮನೆಯಲ್ಲಿ ವಾಸವಾಗಿದ್ದಾರೆ ಅಂತ ಬರೆದು, ಕೆಳಗೆ ಸಹಿ ಹಾಕಿ, ಕರೆಂಟ್ ಬಿಲ್ಲಿನ ಪ್ರತಿ ಜೊತೆಗಿಟ್ಟು ಅವನ ಕೈಗೆ ಕೊಟ್ಟೆ.